ಟ್ರೆಂಡ್‌ಲೈನ್ ಸಾಕೇ, ಸಾಲ್ವರ್ ಬೇಕೇ? ನಮ್ಮದೇ ಸೂತ್ರಕ್ಕೆ ಅಂಕಿಗಳನ್ನು ಹೊಂದಿಸುವ ದಾರಿಗಳ ಹೋಲಿಕೆ

ಸ್ಪ್ರೆಡ್‌ಶೀಟ್‌ನಲ್ಲಿ ಎರಡು ಕಾಲಂ ಅಂಕಿಗಳಿವೆ. ಅವು ಯಾವ ಸೂತ್ರದಂತೆ ನಡೆಯಬೇಕು ಎಂಬುದು ನಿಮಗೆ ಗೊತ್ತು. ಗೊತ್ತಿಲ್ಲದಿರುವುದು ಆ ಸೂತ್ರದೊಳಗಿನ ಎರಡೋ ಮೂರೋ ಸಂಖ್ಯೆಗಳು, ಅಂದರೆ ನಿಯತಾಂಕಗಳು. ಅವನ್ನು ಕಂಡುಹಿಡಿಯಲು ನಾಲ್ಕು ದಾರಿಗಳಿವೆ: ಗ್ರಾಫ್ ಮೇಲೆ ಟ್ರೆಂಡ್‌ಲೈನ್ ಎಳೆಯಬಹುದು, ಲಾಗರಿದಮ್ ತೆಗೆದು ವಕ್ರರೇಖೆಯನ್ನು ಸರಳರೇಖೆಯಾಗಿಸಬಹುದು, ಗುಣಕಗಳನ್ನು ನೇರವಾಗಿ ಲೆಕ್ಕ ಹಾಕಿಕೊಡುವ ಲಿನೆಸ್ಟ್ ಫಂಕ್ಷನ್ ಬಳಸಬಹುದು, ಇಲ್ಲವೇ ಸೆಲ್‌ಗಳ ಬೆಲೆಗಳನ್ನು ತಾನೇ ಬದಲಿಸುತ್ತಾ ಉತ್ತಮ ಉತ್ತರ ಹುಡುಕುವ ಸಾಲ್ವರ್ ಎಂಬ ಉಪಕರಣಕ್ಕೆ ಒಪ್ಪಿಸಬಹುದು. ಬಹಳಷ್ಟು ಮಂದಿ ಮೊದಲನೆಯದರಿಂದ ಶುರುಮಾಡಿ, ಆರ್-ಸ್ಕ್ವೇರ್ಡ್ (ರೇಖೆ ಬಿಂದುಗಳಿಗೆ ಎಷ್ಟು ಹೊಂದುತ್ತದೆ ಎಂಬ ಅಳತೆ, 1 ಎಂದರೆ ಪೂರ್ತಿ ಹೊಂದಿಕೆ) 0.95 ದಾಟಿದ ಕೂಡಲೇ ಕೆಲಸ ಮುಗಿಯಿತೆಂದು ಎದ್ದುಬಿಡುತ್ತಾರೆ. ಅದು ತಪ್ಪು ಎಂಬುದನ್ನು ಅಂಕಿಗಳಲ್ಲೇ ತೋರಿಸುವುದು ನನ್ನ ಉದ್ದೇಶ. ದಾರಿಯನ್ನು ಆರಿಸಬೇಕಾದದ್ದು ಆರ್-ಸ್ಕ್ವೇರ್ಡ್ ನೋಡಿಯಲ್ಲ. ಗೊತ್ತಿಲ್ಲದ ಸಂಖ್ಯೆಗಳು ಸೂತ್ರದಲ್ಲಿ ಎಲ್ಲಿ ಕುಳಿತಿವೆ ಎಂಬುದನ್ನು ನೋಡಿ.

ಒಂದೇ ಉದಾಹರಣೆಯನ್ನು ಕೊನೆಯವರೆಗೂ ಹಿಡಿದು ನಡೆಯೋಣ. ಬಿಸಿನೀರು ಕೋಣೆಯಲ್ಲಿ ಆರುತ್ತಿದೆ. ನ್ಯೂಟನ್‌ನ ನಿಯಮದ ಪ್ರಕಾರ,

ನೀರಿನ ತಾಪ = ಕೋಣೆಯ ತಾಪ + ಆರಂಭದ ಅಂತರ × ಇ^(−ಕೆ × ಸಮಯ)

ಇಲ್ಲಿ ಇ ಎಂದರೆ ಸಹಜ ಲಾಗರಿದಮ್‌ನ ಆಧಾರಸಂಖ್ಯೆ (ಸುಮಾರು 2.718), ಕೆ ಎಂದರೆ ನೀರು ಎಷ್ಟು ಬೇಗ ಆರುತ್ತದೆ ಎಂದು ಹೇಳುವ ಸಂಖ್ಯೆ. ಕೋಣೆಯ ತಾಪ 26, ಅಂತರ 62, ಕೆ 0.045 ಎಂದು ನಾನೇ ಇಟ್ಟುಕೊಂಡು, ಲೆಕ್ಕ ಹಾಕಿ, ಒಂದು ದಶಮಾಂಶಕ್ಕೆ ಸರಿಹೊಂದಿಸಿದ್ದೇನೆ. 0, 5, 10, 20, 30, 40, 60 ನಿಮಿಷಗಳಿಗೆ ಬಂದ ತಾಪಗಳು 88.0, 75.5, 65.5, 51.2, 42.1, 36.2, 30.2 ಡಿಗ್ರಿ ಸೆಲ್ಸಿಯಸ್. ಸರಿಯುತ್ತರ ಮೊದಲೇ ಗೊತ್ತಿರುವ ಇಂಥ ಅಂಕಿಗಳಿಂದ ಹಾಳೆಯನ್ನು ಪರೀಕ್ಷಿಸುವುದು ಒಳ್ಳೆಯ ಅಭ್ಯಾಸ. ನಿಮ್ಮ ನಿಜವಾದ ಅಳತೆಗಳನ್ನು ಹಾಕುವ ಮೊದಲು ನೀವೂ ಹೀಗೆಯೇ ಮಾಡಿ. ಗೊತ್ತಿರುವ ಉತ್ತರವನ್ನೇ ಹಿಂತಿರುಗಿಸಲಾರದ ಹಾಳೆ ಗೊತ್ತಿಲ್ಲದ್ದನ್ನು ಎಲ್ಲಿಂದ ತರುತ್ತದೆ?

ಟ್ರೆಂಡ್‌ಲೈನ್: ಬೇಗ ಸಿಗುತ್ತದೆ, ಬೇಗ ದಾರಿ ತಪ್ಪಿಸುತ್ತದೆ

ಈ ಏಳು ಬಿಂದುಗಳ ಗ್ರಾಫ್ ಮೇಲೆ ಎಕ್ಸೆಲ್‌ನ ಘಾತೀಯ ಟ್ರೆಂಡ್‌ಲೈನ್ ಎಳೆದರೆ ಬರುವ ಸಮೀಕರಣ ಸುಮಾರು 79.6 × ಇ^(−0.0181 × ಸಮಯ). ಆರ್-ಸ್ಕ್ವೇರ್ಡ್ 0.95. ನೋಡಲು ಚೆನ್ನಾಗಿದೆ. ಆದರೆ ಇದರಲ್ಲಿ ಕೋಣೆಯ ತಾಪಕ್ಕೆ ಜಾಗವೇ ಇಲ್ಲ, ರೇಖೆ ಸೊನ್ನೆಯತ್ತ ಇಳಿಯುತ್ತಲೇ ಹೋಗುತ್ತದೆ. ಎರಡು ಗಂಟೆಯ ನಂತರ ನೀರು 9 ಡಿಗ್ರಿ ಇರುತ್ತದೆ ಎನ್ನುತ್ತದೆ ಈ ಸಮೀಕರಣ, ಕೋಣೆ 26 ಡಿಗ್ರಿ ಇರುವಾಗ!

ಹಾಗಾದರೆ ಬಹುಪದೋಕ್ತಿ? ಎರಡನೆಯ ಘಾತದ್ದನ್ನು ಆರಿಸಿದರೆ ಆರ್-ಸ್ಕ್ವೇರ್ಡ್ 0.99ಕ್ಕೆ ಏರುತ್ತದೆ. ಆದರೆ ಆ ರೇಖೆ ಸುಮಾರು 54ನೇ ನಿಮಿಷದಲ್ಲಿ ತಳ ಮುಟ್ಟಿ ಮತ್ತೆ ಮೇಲೇರುತ್ತದೆ. ಎರಡು ಗಂಟೆಗೆ ಅದು ಹೇಳುವ ತಾಪ 112 ಡಿಗ್ರಿ. ಆರನೆಯ ಘಾತಕ್ಕೆ ಹೋದರೆ ಏಳು ಬಿಂದುಗಳಿಗೆ ಏಳು ಸಹಗುಣಕಗಳಾಗಿ, ರೇಖೆ ಎಲ್ಲ ಬಿಂದುಗಳ ಮೂಲಕವೂ ಹಾದು ಆರ್-ಸ್ಕ್ವೇರ್ಡ್ 1 ಆಗುತ್ತದೆ. ಆ ಒಂದಕ್ಕೆ ಯಾವ ಅರ್ಥವೂ ಇಲ್ಲ. ಯಾವ ಏಳು ಅಂಕಿಗಳನ್ನು ಕೊಟ್ಟರೂ ಅದು ಒಂದೇ ಬರುತ್ತದೆ.

ಸೂತ್ರ ನಿಜವಾಗಿಯೂ ಟ್ರೆಂಡ್‌ಲೈನ್ ಪಟ್ಟಿಯಲ್ಲಿರುವ ರೂಪದ್ದೇ ಆಗಿದ್ದರೆ, ಅಂದರೆ ಸರಳರೇಖೆ, ಲಾಗರಿದಮ್, ಘಾತೀಯ, ಪವರ್, ಬಹುಪದೋಕ್ತಿ ಇವುಗಳಲ್ಲಿ ಒಂದಾಗಿದ್ದರೆ, ಮೊದಲ ನೋಟಕ್ಕೆ ಇದನ್ನು ಧಾರಾಳವಾಗಿ ಬಳಸಿ. ಬಳಸುವಾಗ ಮೂರು ಸಂಗತಿ ನೆನಪಿರಲಿ. ಗ್ರಾಫ್ ಸ್ಕ್ಯಾಟರ್ ಮಾದರಿಯದ್ದೇ ಇರಬೇಕು. ಲೈನ್ ಮಾದರಿಯನ್ನು ಆರಿಸಿದರೆ ಎಕ್ಸೆಲ್ ನಿಮ್ಮ ಸಮಯದ ಕಾಲಂ ಬಿಟ್ಟು 1, 2, 3 ಎಂದು ಎಣಿಸುತ್ತದೆ. ಆಗ 40 ಮತ್ತು 60ರ ನಡುವಿನ ಅಂತರವೂ 0 ಮತ್ತು 5ರ ನಡುವಿನ ಅಂತರವೂ ಅದಕ್ಕೆ ಒಂದೇ. ಎರಡನೆಯದು, ಘಾತೀಯ ಮತ್ತು ಪವರ್ ರೇಖೆಗಳಿಗೆ ತೋರಿಸುವ ಆರ್-ಸ್ಕ್ವೇರ್ಡ್ ಲಾಗರಿದಮ್ ತೆಗೆದ ಅಂಕಿಗಳದ್ದು, ಮೂಲ ಅಂಕಿಗಳದ್ದಲ್ಲ. ಅದನ್ನು ಬಹುಪದೋಕ್ತಿಯ ಆರ್-ಸ್ಕ್ವೇರ್ಡ್ ಪಕ್ಕದಲ್ಲಿಟ್ಟು ತೂಗುವಂತಿಲ್ಲ. ಮೂರನೆಯದು, ಗ್ರಾಫ್ ಮೇಲಿನ ಸಮೀಕರಣದಲ್ಲಿ ಅಂಕೆಗಳನ್ನು ಮೊಟಕುಗೊಳಿಸಿರುತ್ತಾರೆ. ಎಕ್ಸ್ ಕಾಲಂನಲ್ಲಿ 2024ರಂಥ ಇಸವಿಗಳಿದ್ದು, ವರ್ಗಪದದ ಸಹಗುಣಕ ನಾಲ್ಕು ದಶಮಾಂಶಕ್ಕೆ ನಿಂತಿದ್ದರೆ, ಮೊಟಕಾದ 0.00005 ಒಂದರಿಂದಲೇ ಉತ್ತರದಲ್ಲಿ 205ರಷ್ಟು ತಪ್ಪು ಬರಬಹುದು. ಇಸವಿಯಿಂದ ಆರಂಭದ ವರ್ಷವನ್ನು ಕಳೆದು 0, 1, 2 ಎಂದು ಮಾಡಿಕೊಳ್ಳಿ. ಸಹಗುಣಕಗಳನ್ನು ಗ್ರಾಫ್‌ನಿಂದ ನಕಲು ಮಾಡದೆ ಲಿನೆಸ್ಟ್‌ನಿಂದ ಪಡೆಯಿರಿ.

ಲಾಗರಿದಮ್ ದಾರಿಯ ಬೆಲೆ

ಕೋಣೆಯ ತಾಪ 26 ಎಂದು ಬೇರೆ ಅಳತೆಯಿಂದ ಖಚಿತವಾಗಿ ಗೊತ್ತಿದೆ ಎನ್ನಿ. ಪ್ರತಿ ಅಳತೆಯಿಂದ 26 ಕಳೆದು, ಅದರ ಸಹಜ ಲಾಗರಿದಮ್ ತೆಗೆದರೆ ವಕ್ರರೇಖೆ ನೆಟ್ಟಗಾಗುತ್ತದೆ. ಆಗ ಸರಳರೇಖೆಯ ಇಳಿಜಾರನ್ನು ಲೆಕ್ಕ ಹಾಕುವ ಸ್ಲೋಪ್ ಫಂಕ್ಷನ್ ಕೊಡುವ ಸಂಖ್ಯೆಯ ಚಿಹ್ನೆ ಬದಲಿಸಿದರೆ ಅದೇ ಕೆ. ಕಂಪ್ಯೂಟರ್ ಇಲ್ಲದ ಕಾಲದಲ್ಲಿ ವಿಜ್ಞಾನಿಗಳು ನಡೆದ ದಾರಿ ಇದು. ಕಿಣ್ವಗಳ ವೇಗಕ್ಕೆ ಮೈಕೇಲಿಸ್ ಮತ್ತು ಮೆಂಟೆನ್ 1913ರಲ್ಲಿ ಕೊಟ್ಟ ವಕ್ರಸೂತ್ರವನ್ನು 1934ರಲ್ಲಿ ಲೈನ್‌ವೀವರ್ ಮತ್ತು ಬರ್ಕ್ ಎರಡೂ ಕಡೆ ವಿಲೋಮ ತೆಗೆದು ಸರಳರೇಖೆಯಾಗಿಸಿದರು. ಕಾಗದ, ಅಳತೆಪಟ್ಟಿ ಇದ್ದರೆ ಉತ್ತರ ಸಿಗುತ್ತಿತ್ತು.

ಬೆಲೆ ಏನೆಂದರೆ, ರೂಪಾಂತರ ಮಾಡಿದಾಗ ಅಂಕಿಗಳ ಜೊತೆ ಅವುಗಳ ತಪ್ಪುಗಳೂ ರೂಪಾಂತರಗೊಳ್ಳುತ್ತವೆ. ತಾಪಮಾಪಕ ಅರ್ಧ ಡಿಗ್ರಿ ತಪ್ಪಿದರೆ, ಅಂತರ 62 ಇರುವ ಮೊದಲ ಬಿಂದುವಿನಲ್ಲಿ ಲಾಗರಿದಮ್ ಅಲುಗುವುದು 0.008ರಷ್ಟು. ಅಂತರ 4.2 ಇರುವ ಕೊನೆಯ ಬಿಂದುವಿನಲ್ಲಿ 0.12ರಷ್ಟು. ಹೆಚ್ಚುಕಡಿಮೆ ಹದಿನೈದು ಪಟ್ಟು. ಸರಳರೇಖೆಯ ಲೆಕ್ಕಕ್ಕೆ ಈ ಭೇದ ಕಾಣುವುದಿಲ್ಲ, ಅದು ಎರಡು ಬಿಂದುಗಳನ್ನೂ ಸಮನಾಗಿ ನಂಬುತ್ತದೆ. ಲೈನ್‌ವೀವರ್–ಬರ್ಕ್ ರೇಖೆಯಲ್ಲಿಯೂ ಇದೇ ತೊಂದರೆ: ಅತಿ ಕಡಿಮೆ ಸಾಂದ್ರತೆಯ, ಎಲ್ಲಕ್ಕಿಂತ ಅಸ್ಥಿರವಾದ ಅಳತೆಗಳೇ ರೇಖೆಯನ್ನು ಎಳೆದಾಡುತ್ತವೆ.

ಕಳೆಯುವ ಸಂಖ್ಯೆ ಕೊಂಚ ತಪ್ಪಿದರೂ ಪೆಟ್ಟು ದೊಡ್ಡದು. 26ರ ಬದಲು 28 ಕಳೆದು ನೋಡಿದೆ. ಕೆ 0.054 ಬಂತು, ನಿಜಕ್ಕಿಂತ ಶೇಕಡಾ 20ರಷ್ಟು ಹೆಚ್ಚು. ಎರಡೇ ಡಿಗ್ರಿಯ ತಪ್ಪಿಗೆ ಇಷ್ಟು. ಆದ್ದರಿಂದ ಅಳತೆಯ ತಪ್ಪು ಅಳತೆಯ ಗಾತ್ರದ ಜೊತೆಗೇ ಬೆಳೆಯುವ ಸಂದರ್ಭದಲ್ಲಿ, ಅಂದರೆ ಪ್ರತಿ ಬಿಂದುವೂ ಶೇಕಡಾ ಇಂತಿಷ್ಟು ತಪ್ಪಿರಬಹುದು ಎನ್ನುವಾಗ, ಲಾಗರಿದಮ್ ನ್ಯಾಯವಾದ ಆಯ್ಕೆ. ಎಲ್ಲ ಬಿಂದುಗಳಲ್ಲೂ ತಪ್ಪು ಒಂದೇ ಗಾತ್ರದ್ದಾಗಿದ್ದರೆ ಅದರಿಂದ ಬಂದ ಉತ್ತರವನ್ನು ಸಾಲ್ವರ್‌ಗೆ ಆರಂಭಿಕ ಅಂದಾಜಾಗಿ ಮಾತ್ರ ಬಳಸಿ.

ಲಿನೆಸ್ಟ್: ಹೆಸರು ನೋಡಿ ದೂರ ಸರಿಯಬೇಡಿ

ಲಿನೆಸ್ಟ್ ಎಂದರೆ ಸರಳರೇಖೆಗೆ ಮಾತ್ರ ಎಂಬ ನಂಬಿಕೆ ಬಹಳ ಹರಡಿದೆ. ಅದಕ್ಕೆ ಬೇಕಾದದ್ದು ಒಂದೇ: ಗೊತ್ತಿಲ್ಲದ ಪ್ರತಿ ಸಂಖ್ಯೆಯೂ ಒಂದು ಕಾಲಂನ ಗುಣಕವಾಗಿ ನಿಲ್ಲಬೇಕು. ಆ ಕಾಲಂನೊಳಗೆ ವರ್ಗಮೂಲವಿರಲಿ, ಲಾಗರಿದಮ್ ಇರಲಿ, ಸೈನ್ ಇರಲಿ, ಅದರ ಚಿಂತೆ ಲಿನೆಸ್ಟ್‌ಗೆ ಇಲ್ಲ.

ದಿನದ 24 ಗಂಟೆಗಳಲ್ಲಿ ಏರಿಳಿಯುವ ಯಾವುದೇ ಅಳತೆಯನ್ನು ತೆಗೆದುಕೊಳ್ಳಿ. ಗಂಟೆಯನ್ನು 2π/24ರಿಂದ ಗುಣಿಸಿ, ಅದರ ಸೈನ್ ಒಂದು ಕಾಲಂನಲ್ಲಿ, ಕೊಸೈನ್ ಪಕ್ಕದ ಕಾಲಂನಲ್ಲಿ ಇಡಿ. ಎರಡನ್ನೂ ಒಟ್ಟಿಗೆ ಲಿನೆಸ್ಟ್‌ಗೆ ಕೊಡಿ. ಬಂದ ಎರಡು ಗುಣಕಗಳ ವರ್ಗಗಳನ್ನು ಕೂಡಿಸಿ ವರ್ಗಮೂಲ ತೆಗೆದರೆ ಏರಿಳಿತದ ಎತ್ತರ, ಎಟ್ಯಾನ್2 ಫಂಕ್ಷನ್‌ಗೆ ಕೊಟ್ಟರೆ ಅದು ಶಿಖರ ಮುಟ್ಟುವ ಹೊತ್ತಿನ ಕೋನ. ಇಲ್ಲಿ ಎರಡು ಕಡೆ ಕಾಲು ಜಾರುತ್ತದೆ. ಲಿನೆಸ್ಟ್ ಗುಣಕಗಳನ್ನು ಬಲದಿಂದ ಎಡಕ್ಕೆ ಕೊಡುತ್ತದೆ: ಕೊನೆಯ ಕಾಲಂನದ್ದು ಮೊದಲು, ಸ್ಥಿರಾಂಕ ಕಟ್ಟಕಡೆಗೆ. ಎಕ್ಸೆಲ್‌ನ ಎಟ್ಯಾನ್2 ಬಹುತೇಕ ಪ್ರೋಗ್ರಾಮಿಂಗ್ ಭಾಷೆಗಳಿಗೆ ತಿರುಗುಮುರುಗಾಗಿ ಎಕ್ಸ್ ಬೆಲೆಯನ್ನು ಮೊದಲು ಕೇಳುತ್ತದೆ, ಆದ್ದರಿಂದ ಕೊಸೈನ್‌ನ ಗುಣಕ ಮೊದಲು, ಸೈನ್‌ನದ್ದು ಆಮೇಲೆ.

ಸಾಲ್ವರ್‌ಗೆ ಇಲ್ಲದ ಎರಡು ದೊಡ್ಡ ಗುಣಗಳು ಲಿನೆಸ್ಟ್‌ಗಿವೆ. ಅಂಕಿಯೊಂದನ್ನು ತಿದ್ದಿದರೆ ಉತ್ತರ ಆ ಕ್ಷಣವೇ ತಾನಾಗಿ ಬದಲಾಗುತ್ತದೆ. ಕೊನೆಯ ಆಯ್ಕೆಯನ್ನು ಟ್ರೂ ಎಂದು ಕೊಟ್ಟರೆ ಐದು ಸಾಲುಗಳ ಪೂರ್ಣ ವರದಿ ಬರುತ್ತದೆ: ಎರಡನೆಯ ಸಾಲಿನಲ್ಲಿ ಪ್ರತಿ ಗುಣಕದ ಪ್ರಮಾಣಿತ ದೋಷ (ಅದು ಎಷ್ಟು ಆಚೀಚೆ ಇರಬಹುದು ಎಂಬ ಅಂದಾಜು), ಐದನೆಯ ಸಾಲಿನ ಎರಡನೆಯ ಸೆಲ್‌ನಲ್ಲಿ ಉಳಿಕೆಗಳ ವರ್ಗಗಳ ಮೊತ್ತ, ಚಿಕ್ಕದಾಗಿ ವರ್ಗಮೊತ್ತ. ಉಳಿಕೆ ಎಂದರೆ ಅಳತೆಗೂ ಸೂತ್ರದ ಉತ್ತರಕ್ಕೂ ಇರುವ ವ್ಯತ್ಯಾಸ. ಆ ವ್ಯತ್ಯಾಸಗಳ ವರ್ಗಗಳ ಮೊತ್ತ ಕನಿಷ್ಠವಾಗಬೇಕು ಎಂಬುದೇ ಲಜಾಂಡ್ರ 1805ರಲ್ಲಿ ಪ್ರಕಟಿಸಿದ ಕನಿಷ್ಠ ವರ್ಗಗಳ ವಿಧಾನ. ಮುಂದಿನದೆಲ್ಲ ನಿಂತಿರುವುದು ಈ ಒಂದು ಸೆಲ್ ಮೇಲೆ.

ನನಗೆ ಹೆಚ್ಚು ಪ್ರಿಯವಾದ ನಡುದಾರಿ

ಬಿಸಿನೀರಿನ ಸೂತ್ರವನ್ನು ಮತ್ತೊಮ್ಮೆ ನೋಡಿ. ಮೂರು ಅಜ್ಞಾತಗಳಲ್ಲಿ ಕೋಣೆಯ ತಾಪ ಸುಮ್ಮನೆ ಕೂಡಿಕೊಳ್ಳುವ ಸ್ಥಿರಾಂಕ, ಅಂತರ ಒಂದು ಗುಣಕ. ಘಾತದೊಳಗೆ ಸಿಕ್ಕಿಕೊಂಡಿರುವುದು ಕೆ ಒಂದೇ. ಕೆ ಬೆಲೆ ಇಂತಿಷ್ಟು ಎಂದು ಹಿಡಿದರೆ ಇ^(−ಕೆ × ಸಮಯ) ಎಂಬುದು ಲೆಕ್ಕ ಹಾಕಬಹುದಾದ ಒಂದು ಕಾಲಂ ಆಗುತ್ತದೆ, ಉಳಿದೆರಡನ್ನು ಲಿನೆಸ್ಟ್ ಕಣ್ಣು ಮಿಟುಕಿಸುವಷ್ಟರಲ್ಲಿ ಕೊಡುತ್ತದೆ. ಹಾಗಾಗಿ ಒಂದು ಕಾಲಂನಲ್ಲಿ ಕೆ ಬೆಲೆಗಳನ್ನು ಸಾಲಾಗಿ ಬರೆದು, ಪಕ್ಕದಲ್ಲಿ ಪ್ರತಿಯೊಂದಕ್ಕೂ ಲಿನೆಸ್ಟ್ ವರದಿಯ ಐದನೆಯ ಸಾಲಿನ ಎರಡನೆಯ ಸೆಲ್ ಅನ್ನು ಇಂಡೆಕ್ಸ್ ಫಂಕ್ಷನ್‌ನಿಂದ ಎತ್ತಿಕೊಳ್ಳಿ. ಗೂಗಲ್ ಶೀಟ್ಸ್‌ನಲ್ಲಿ ಇದನ್ನು ಅರೇಫಾರ್ಮುಲಾದೊಳಗೆ ಇಡಬೇಕು, ಹಳೆಯ ಎಕ್ಸೆಲ್‌ನಲ್ಲಿ ಕಂಟ್ರೋಲ್, ಶಿಫ್ಟ್, ಎಂಟರ್ ಮೂರನ್ನೂ ಒತ್ತಬೇಕು.

ನಮ್ಮ ಅಂಕಿಗಳಿಗೆ ಬರುವ ಫಲ ಹೀಗಿದೆ:

ಕೆ 0.030: ವರ್ಗಮೊತ್ತ 30.2, ಕೋಣೆಯ ತಾಪ 15.4
ಕೆ 0.040: ವರ್ಗಮೊತ್ತ 3.1, ಕೋಣೆಯ ತಾಪ 23.3
ಕೆ 0.045: ವರ್ಗಮೊತ್ತ 0.01ಕ್ಕಿಂತ ಕಡಿಮೆ, ಕೋಣೆಯ ತಾಪ 26.0
ಕೆ 0.050: ವರ್ಗಮೊತ್ತ 2.7, ಕೋಣೆಯ ತಾಪ 28.2
ಕೆ 0.060: ವರ್ಗಮೊತ್ತ 22.0

ಕಣಿವೆಯ ತಳ ಎಲ್ಲಿದೆ ಎಂಬುದು ಕಣ್ಣಿಗೇ ಕಾಣುತ್ತದೆ. ಅಲ್ಲಿ ಕೆ ಬೆಲೆಗಳನ್ನು ಇನ್ನೂ ಹತ್ತಿರ ಹತ್ತಿರ ಬರೆದರೆ ಬೇಕಾದಷ್ಟು ದಶಮಾಂಶ ಸಿಗುತ್ತದೆ. ಆರಂಭಿಕ ಅಂದಾಜು ಬೇಡ, ಆಡ್-ಇನ್ (ಹೆಚ್ಚುವರಿ ಉಪಕರಣ) ಬೇಡ, ಅಂಕಿ ಬದಲಾದರೆ ಪಟ್ಟಿಯೂ ಬದಲಾಗುತ್ತದೆ. ಕೆ ಮತ್ತು ಕೋಣೆಯ ತಾಪ ಒಂದಕ್ಕೊಂದು ಹೇಗೆ ಅಂಟಿಕೊಂಡಿವೆ ಎಂಬುದೂ ಇಲ್ಲೇ ಗೊತ್ತಾಗುತ್ತದೆ. ಕೆ 0.005ರಷ್ಟು ಸರಿದರೆ ಕೋಣೆ ಎರಡು ಡಿಗ್ರಿಗೂ ಹೆಚ್ಚು ಸರಿಯುತ್ತದೆ. ಅಳತೆಗಳನ್ನು 20ನೇ ನಿಮಿಷಕ್ಕೇ ನಿಲ್ಲಿಸಿದ್ದರೆ ಈ ಕಣಿವೆ ಇನ್ನೂ ಚಪ್ಪಟೆಯಾಗುತ್ತಿತ್ತು. ರೇಖೆ ಎಲ್ಲಿ ಹೋಗಿ ನೆಲೆಸುತ್ತದೆ ಎಂದು ಹೇಳಬಲ್ಲ ಬಿಂದುಗಳು ಬಾಲದಲ್ಲಿರುತ್ತವೆ, ತಲೆಯಲ್ಲಲ್ಲ.

ಇದೇ ಪಟ್ಟಿಯಿಂದ ಕೆ ಎಷ್ಟು ನಂಬಲರ್ಹ ಎಂಬುದನ್ನೂ ತೆಗೆಯಬಹುದು. ಒಂದು ಅಳತೆಯ ತಪ್ಪು ಅರ್ಧ ಡಿಗ್ರಿ ಎಂದಿದ್ದರೆ ಅದರ ವರ್ಗ 0.25. ವರ್ಗಮೊತ್ತ ತಳದಿಂದ 0.25ರಷ್ಟು ಏರುವಲ್ಲಿಗೆ ಕೆ ಎಷ್ಟು ದೂರ ಸರಿಯಿತೋ ಅದೇ ಅದರ ಪ್ರಮಾಣಿತ ದೋಷದ ಅಂದಾಜು. ಮೇಲಿನ ಕಣಿವೆಯ ಆಕಾರದ ಪ್ರಕಾರ ಅದು ಸುಮಾರು 0.0015. ಹಾಗಾಗಿ ಅಂಥ ತಾಪಮಾಪಕದಿಂದ ಬಂದ ಕೆಯನ್ನು 0.045 ± 0.0015 ಎಂದು ಬರೆಯಬಹುದು. ನಾಲ್ಕನೆಯ ದಶಮಾಂಶವನ್ನು ಹೆಮ್ಮೆಯಿಂದ ಬರೆಯುವ ಮೊದಲು ಈ ಲೆಕ್ಕ ಮಾಡಿ ನೋಡಿ.

ಸಾಲ್ವರ್: ಸೂತ್ರ ಯಾವ ಕಟ್ಟಿಗೂ ಸಿಗದಾಗ

ಘಾತದೊಳಗೆ ಎರಡು ಅಜ್ಞಾತಗಳಿದ್ದರೆ, ಅಥವಾ ಅಜ್ಞಾತವೊಂದು ಛೇದದಲ್ಲೂ ಮತ್ತೊಂದು ಘಾತದಲ್ಲೂ ಇದ್ದರೆ, ಪಟ್ಟಿ ಹಾಕುವುದು ದಣಿವಿನ ಕೆಲಸ. ಆಗ ಸಾಲ್ವರ್ ಬೇಕು. ಎಕ್ಸೆಲ್‌ನಲ್ಲಿ ಅದು ಜೊತೆಗೇ ಬರುವ ಆಡ್-ಇನ್, ಆಯ್ಕೆಗಳಿಗೆ ಹೋಗಿ ಒಮ್ಮೆ ಸಕ್ರಿಯಗೊಳಿಸಬೇಕು. ಗೂಗಲ್ ಶೀಟ್ಸ್‌ನಲ್ಲಿ ಸ್ವಂತದ್ದಿಲ್ಲ, ಹೊರಗಿನವರ ಆಡ್-ಆನ್ ಹಾಕಿಕೊಳ್ಳಬೇಕು. ಲಿಬ್ರೆಆಫೀಸ್‌ನಲ್ಲಿ ಇದೆ. ಆದರೆ ಅದರ ಆಯ್ಕೆಗಳಲ್ಲಿ ಸರಳರೇಖೀಯ ಎಂಜಿನ್ ಬಿಟ್ಟು ಡೆಪ್ಸ್ ಅಥವಾ ಎಸ್‌ಸಿಒ ಎಂಬ ಅರೇಖೀಯ ಎಂಜಿನ್ ಆರಿಸಿ. ಅವು ಯಾದೃಚ್ಛಿಕವಾಗಿ ಹುಡುಕುವುದರಿಂದ ಒಂದೊಂದು ಸಲ ಕೊನೆಯ ಅಂಕೆಗಳು ಬೇರೆ ಬರಬಹುದು. ನಿಯತಾಂಕಗಳಿಗೆ ಮೇಲಿನ, ಕೆಳಗಿನ ಮಿತಿ ಹಾಕಿಕೊಡಿ. ಗೋಲ್ ಸೀಕ್ ಈ ಕೆಲಸಕ್ಕೆ ಆಗದು, ಅದು ಒಂದೇ ಸೆಲ್ ಬದಲಿಸಿ ಒಂದು ನಿಶ್ಚಿತ ಬೆಲೆಯನ್ನು ಮುಟ್ಟಲು ಮಾತ್ರ ನೋಡುತ್ತದೆ.

ಹಾಳೆಯನ್ನು ಹೀಗೆ ಕಟ್ಟಿ: ಎ ಕಾಲಂನಲ್ಲಿ ಸಮಯ, ಬಿ ಕಾಲಂನಲ್ಲಿ ಅಳೆದ ತಾಪ, ಮೂರು ಸೆಲ್‌ಗಳಲ್ಲಿ ನಿಯತಾಂಕಗಳ ಅಂದಾಜು, ಸಿ ಕಾಲಂನಲ್ಲಿ ಅವುಗಳಿಂದ ಲೆಕ್ಕ ಹಾಕಿದ ತಾಪ, ಒಂದು ಸೆಲ್‌ನಲ್ಲಿ ಸಮ್‌ಎಕ್ಸ್‌ಎಂವೈ2 ಫಂಕ್ಷನ್. ಬಿ ಮತ್ತು ಸಿ ಕಾಲಂಗಳ ವ್ಯತ್ಯಾಸಗಳ ವರ್ಗಮೊತ್ತವನ್ನು ಈ ಫಂಕ್ಷನ್ ಒಂದೇ ಏಟಿಗೆ ಕೊಡುತ್ತದೆ. ಆ ಸೆಲ್ ಅನ್ನು ಕನಿಷ್ಠಗೊಳಿಸು ಎಂದು ಸಾಲ್ವರ್‌ಗೆ ಹೇಳಿ, ವಕ್ರಸೂತ್ರಗಳಿಗಿರುವ ಜಿಆರ್‌ಜಿ ನಾನ್‌ಲೀನಿಯರ್ ಎಂಬ ವಿಧಾನವನ್ನು ಆರಿಸಿ.

ಒತ್ತುವ ಮೊದಲು ಒಂದು ಟಿಕ್ ಗುರುತನ್ನು ಗಮನಿಸಿ. ಮಿತಿ ಹಾಕದ ಚರಾಂಕಗಳನ್ನು ಋಣವಾಗಲು ಬಿಡಬೇಡ ಎಂಬ ಆಯ್ಕೆ ಎಕ್ಸೆಲ್‌ನಲ್ಲಿ ಮೊದಲೇ ಗುರುತಾಗಿರುತ್ತದೆ. ನಿಮ್ಮ ನಿಯತಾಂಕ ಋಣವಾಗಬೇಕಾದದ್ದಿದ್ದರೆ ಸಾಲ್ವರ್ ಅದನ್ನು ಸೊನ್ನೆಗೆ ತಂದು ನಿಲ್ಲಿಸಿ, ಉಳಿದವನ್ನು ಅದಕ್ಕೆ ತಕ್ಕಂತೆ ತಿರುಚಿ, ಪರಿಹಾರ ಸಿಕ್ಕಿತೆಂದು ಹೇಳುತ್ತದೆ. ನಿಯತಾಂಕಗಳ ಗಾತ್ರ 62 ಮತ್ತು 0.045ರಷ್ಟು ದೂರ ದೂರ ಇದ್ದರೆ ಆಟೊಮ್ಯಾಟಿಕ್ ಸ್ಕೇಲಿಂಗ್ ಆಯ್ಕೆಯನ್ನೂ ಹಾಕಿಕೊಳ್ಳಿ.

ಎಲ್ಲಕ್ಕಿಂತ ಮುಖ್ಯವಾದದ್ದು ಆರಂಭಿಕ ಅಂದಾಜು. ಕೆಗೆ 5 ಎಂದು ಕೊಟ್ಟು ನೋಡಿ. ಐದನೇ ನಿಮಿಷದ ಬಿಂದುವಿನಲ್ಲೇ ಇ^(−25) ಹೆಚ್ಚುಕಡಿಮೆ ಸೊನ್ನೆ. ಕೆಯನ್ನು ಸ್ವಲ್ಪ ಆಚೆ ಈಚೆ ಮಾಡಿದರೂ ವರ್ಗಮೊತ್ತ ಅಲುಗುವುದಿಲ್ಲ. ಇಳಿಜಾರೇ ಇಲ್ಲದ ಬಯಲಿನಲ್ಲಿ ಸಾಲ್ವರ್‌ಗೆ ದಿಕ್ಕು ತಿಳಿಯದು. ಮೊದಲ ಬಿಂದುವನ್ನು ಬಿಟ್ಟು ಉಳಿದ ಆರರ ಸರಾಸರಿಯಾದ 50.1 ಡಿಗ್ರಿಯನ್ನೇ ಕೋಣೆಯ ತಾಪವೆಂದು ತೋರಿಸಿ ಅದು ಅಲ್ಲೇ ನಿಂತುಬಿಡುವ ಸಂಭವ ಹೆಚ್ಚು. ಆಗ ವರ್ಗಮೊತ್ತ 1500ಕ್ಕೂ ಹೆಚ್ಚು. ಅಂದಾಜನ್ನು ಗ್ರಾಫ್ ನೋಡಿಯೇ ಹಾಕಿ: ಬಾಲ ನೆಲೆಸುತ್ತಿರುವ ಎತ್ತರ ಕೋಣೆಯ ತಾಪ, ಮೊದಲ ಬಿಂದುವಿನಿಂದ ಅದನ್ನು ಕಳೆದರೆ ಅಂತರ, ಆ ಅಂತರ ಅರ್ಧವಾಗಲು ಹಿಡಿದ ನಿಮಿಷಗಳಿಂದ 0.69ನ್ನು ಭಾಗಿಸಿದರೆ ಕೆ. ಬೇರೆ ಬೇರೆ ಮೂರು ಅಂದಾಜುಗಳಿಂದ ಹೊರಟರೂ ಒಂದೇ ಕಡೆ ಬಂದು ಸೇರಿದರೆ ಉತ್ತರವನ್ನು ನಂಬಬಹುದು.

ಗಂಟೆಯಾಕಾರದ ರೇಖೆ ಹೊಂದಿಸುವವರಿಗೆ ಇನ್ನೊಂದು ಮಾತು. ಘಾತದೊಳಗೆ −ಎ2^2 ಎಂದು ಬರೆದರೆ ಎಕ್ಸೆಲ್ ಋಣಚಿಹ್ನೆಯನ್ನು ಮೊದಲು ಹಚ್ಚಿ ಆಮೇಲೆ ವರ್ಗ ಮಾಡುತ್ತದೆ. ಉತ್ತರ ಧನವಾಗಿ, ರೇಖೆ ಆಕಾಶಕ್ಕೆ ಏರುತ್ತದೆ. −(ಎ2^2) ಎಂದು ಆವರಣ ಹಾಕಿ. ಸಾಲ್ವರ್ ಕೆಟ್ಟಿದೆ ಎಂದು ಗಂಟೆಗಟ್ಟಲೆ ತಲೆ ಕೆಡಿಸಿಕೊಳ್ಳುವ ಮೊದಲು ಈ ಆವರಣವನ್ನು ನೋಡಿ.

ಯಾವ ದಾರಿಯಲ್ಲಿ ಬಂದ ಉತ್ತರವಾದರೂ ಉಳಿಕೆಗಳ ಗ್ರಾಫ್ ಎಳೆಯದೆ ಒಪ್ಪಬೇಡಿ. ಮೊದಲಿನ ಘಾತೀಯ ಟ್ರೆಂಡ್‌ಲೈನ್‌ನ ಉಳಿಕೆಗಳು 8.4, 2.8, −0.9, −4.3, −4.2, −2.4, 3.3. ಮೊದಲ ಎರಡು ಧನ, ನಡುವಿನ ನಾಲ್ಕು ಋಣ, ಕೊನೆಯದು ಧನ. ಅಳತೆಯ ಆಕಸ್ಮಿಕ ತಪ್ಪು ಹೀಗೆ ಸಾಲುಗಟ್ಟಿ ನಿಲ್ಲುವುದಿಲ್ಲ. ಉಳಿಕೆಗಳೇ ಒಂದು ವಕ್ರರೇಖೆಯಾಗಿ ಬಾಗಿದ್ದರೆ ಸೂತ್ರದಲ್ಲಿ ಏನೋ ಬಿಟ್ಟುಹೋಗಿದೆ ಎಂದರ್ಥ. ಇಲ್ಲಿ ಬಿಟ್ಟುಹೋದದ್ದು ಕೋಣೆ.

ಸ್ಪ್ರೆಡ್‌ಶೀಟ್ ಬಿಟ್ಟು ಹೊರಡುವುದು ಯಾವಾಗ

ನಿಯತಾಂಕಗಳು ನಾಲ್ಕೈದಕ್ಕಿಂತ ಹೆಚ್ಚಾದಾಗ, ಒಂದೇ ಸೂತ್ರವನ್ನು ನೂರಾರು ಅಂಕಿಗುಂಪುಗಳಿಗೆ ಹೊಂದಿಸಬೇಕಾದಾಗ, ಅಥವಾ ಪ್ರತಿ ನಿಯತಾಂಕದ ದೋಷವನ್ನೂ ವರದಿಯಲ್ಲಿ ಕೊಡಲೇಬೇಕಾದಾಗ ಹೊರಡಿ. ಸಾಲ್ವರ್ ದೋಷದ ಅಂದಾಜು ಕೊಡುವುದಿಲ್ಲ. ಪೈಥಾನ್‌ನ ಸೈಪೈ ಗ್ರಂಥಾಲಯದ ಕರ್ವ್‌ಫಿಟ್, ಆರ್ ಭಾಷೆಯ ಎನ್‌ಎಲ್‌ಎಸ್, ಗ್ನೂಪ್ಲಾಟ್‌ನ ಫಿಟ್ ಆದೇಶ, ಮೂರೂ ಅದನ್ನು ಕೊಡುತ್ತವೆ, ಮೂರೂ ಉಚಿತ. ಕರ್ವ್‌ಫಿಟ್ ಮತ್ತು ಗ್ನೂಪ್ಲಾಟ್ ಬಳಸುವುದು ಲೆವೆನ್‌ಬರ್ಗ್ 1944ರಲ್ಲಿ, ಮಾರ್ಕ್ವಾರ್ಟ್ 1963ರಲ್ಲಿ ರೂಪಿಸಿದ, ಇಂಥ ವರ್ಗಮೊತ್ತಗಳಿಗೆಂದೇ ಮಾಡಿದ ವಿಧಾನವನ್ನು. ಆದರೆ ಆರಂಭಿಕ ಅಂದಾಜಿನ ಹೊಣೆ ಅಲ್ಲಿಯೂ ನಿಮ್ಮದೇ. ನೀವು ಏನೂ ಕೊಡದಿದ್ದರೆ ಕರ್ವ್‌ಫಿಟ್ ಎಲ್ಲ ನಿಯತಾಂಕಗಳನ್ನೂ 1 ಎಂದು ಹಿಡಿದು ಹೊರಡುತ್ತದೆ. ನಮ್ಮ ನೀರಿಗೆ ಕೆ 1 ಎಂದರೆ ಐದೇ ನಿಮಿಷದಲ್ಲಿ ಪೂರ್ತಿ ಆರಿಹೋದಂತೆ, ಮತ್ತೆ ಅದೇ ಬಯಲಿನ ಅಂಚು. ಪಟ್ಟಿಯಲ್ಲಿ ಕಂಡ 26, 62, 0.045ನ್ನು ಬರೆದುಕೊಂಡು ಹೋಗಿ, ಅಲ್ಲಿಂದಲೇ ಹೊರಡಲು ಹೇಳಿ.